ಕಡೆಗಣಿಸಬೇಕಾದ ವಸ್ತುಗಳ ಪಟ್ಟಿ

ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ ಪ್ಯಾರಿಸ್ ನಗರದ ಒಂದು ಹಳೆಯ ಮಹಲಿನ ಗೋಪುರದ ಮೇಲೆ ನೌಕಾಪಡೆಗೆ ಸೇರಿದ ಪುಟ್ಟ ವೀಕ್ಷಣಾಲಯವೊಂದಿತ್ತು. 1751ರಲ್ಲಿ ಅಲ್ಲಿಗೆ ಗುಮಾಸ್ತನಾಗಿ ಬಂದು ಸೇರಿದ ಶಾರ್ಲ್ ಮೆಸ್ಸಿಯೆ ಎಂಬ ತರುಣನಿಗಿದ್ದ ಯೋಗ್ಯತೆಯೆಂದರೆ ದುಂಡಾದ ಕೈಬರಹ, ನಕ್ಷೆ ಬರೆಯುವುದರಲ್ಲಿ ಅಲ್ಪಸ್ವಲ್ಪ ಪರಿಶ್ರಮ. ಲೊರೇನ್ ಪ್ರಾಂತದ ಸಣ್ಣ ಊರಿನವನು. ಹನ್ನೆರಡು ಮಕ್ಕಳಲ್ಲಿ ಹತ್ತನೆಯವನು. ಹನ್ನೊಂದರ ಪ್ರಾಯಕ್ಕೇ ತಂದೆಯನ್ನು ಕಳೆದುಕೊಂಡವನು. ಗಣಿತದಲ್ಲಿ ಅವನಿಗೆ ಹೆಚ್ಚಿನ ಗತಿಯಿರಲಿಲ್ಲ. ತಾನು ಕಂಡ ಧೂಮಕೇತುಗಳ ಪಥವನ್ನು ಲೆಕ್ಕ ಹಾಕಲು ಬದುಕಿನುದ್ದಕ್ಕೂ ಬೇರೆಯವರನ್ನೇ ಅವಲಂಬಿಸಿದ. ಆದರೆ ಚಳಿಯಲ್ಲಿ, ಒಬ್ಬನೇ, ಬೆಳಗಿನವರೆಗೆ ಆಕಾಶವನ್ನು ನೋಡುತ್ತ ಕುಳಿತಿರಬಲ್ಲ ಶಕ್ತಿಯೊಂದು ಅವನಲ್ಲಿತ್ತು. ಆ ಶಕ್ತಿಯ ಫಲವಾಗಿ ಹುಟ್ಟಿದ ಒಂದು ಪಟ್ಟಿಯ ಸಂಗತಿಯನ್ನೂ, ಇಂದಿಗೂ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ರಾತ್ರಿಗಳನ್ನು ಕಳೆಯುತ್ತಿರುವ ಹವ್ಯಾಸಿಗಳ ಸಂಗತಿಯನ್ನೂ ಈ ಹೊತ್ತು ಹೇಳಬೇಕೆಂದಿದ್ದೇನೆ.

ಹ್ಯಾಲಿಯ ಧೂಮಕೇತು 1758ರ ಸುಮಾರಿಗೆ ಮರಳಿ ಬರಬೇಕೆಂಬ ಭವಿಷ್ಯವಾಣಿ ಯೂರೋಪಿನ ಖಗೋಳಜ್ಞರನ್ನೆಲ್ಲ ಕಾತರಕ್ಕೆ ಗುರಿಮಾಡಿದ್ದ ಕಾಲವದು. ಮೆಸ್ಸಿಯೆಯ ಮೇಲಧಿಕಾರಿ ದೆಲಿಲ್ ಒಂದು ನಕ್ಷೆ ಬರೆದುಕೊಟ್ಟ. ನಕ್ಷೆ ತಪ್ಪಾಗಿತ್ತು. ಗುಮಾಸ್ತ ಅದನ್ನೇ ನಂಬಿ ಧೂಮಕೇತು ಇರದ ಜಾಗದಲ್ಲಿ ತಿಂಗಳುಗಟ್ಟಲೆ ಹುಡುಕಿದ. ಅದನ್ನು ಮೊದಲು ಕಂಡವನು ಡ್ರೆಸ್ಡೆನ್ ಬಳಿಯ ಒಬ್ಬ ರೈತ, ಯೋಹಾನ್ ಪಾಲಿಚ್. 1758ರ ಕ್ರಿಸ್‌ಮಸ್ ರಾತ್ರಿ. ಖಗೋಳದಲ್ಲಿ ಹವ್ಯಾಸಿಗಳ ಪಾಲು ಎಷ್ಟೆಂದು ಕೇಳುವವರಿಗೆ ಈ ರೈತನ ಹೆಸರನ್ನು ಹೇಳಿದರೆ ಸಾಕು.

ಆದರೆ ಅದಕ್ಕೆ ನಾಲ್ಕು ತಿಂಗಳು ಮುಂಚೆ, ಆಗಸ್ಟ್ 28ರಂದು, ಬೇರೊಂದು ಧೂಮಕೇತುವಿನ ಬೆನ್ನುಹತ್ತಿದ್ದ ಮೆಸ್ಸಿಯೆಗೆ ವೃಷಭರಾಶಿಯ ಕೊಂಬಿನ ತುದಿಯಲ್ಲಿ ಬಿಳಿಯ ಮಸುಕೊಂದು ಕಾಣಿಸಿತು. ದೂರದಲ್ಲಿರುವ ಧೂಮಕೇತು ಚಿಕ್ಕ ದೂರದರ್ಶಕದಲ್ಲಿ ಕಾಣುವುದೂ ಹೀಗೆಯೇ: ಬಾಲವಿಲ್ಲ, ಹೊಳಪಿಲ್ಲ, ಗಾಜಿನ ಮೇಲೆ ಬಿಟ್ಟ ಉಸಿರಿನಂಥ ಒಂದು ಮಬ್ಬು. ವ್ಯತ್ಯಾಸವಿರುವುದು ಒಂದರಲ್ಲಿ. ಧೂಮಕೇತು ದಿನದಿಂದ ದಿನಕ್ಕೆ ನಕ್ಷತ್ರಗಳ ನಡುವೆ ಸರಿಯುತ್ತದೆ. ಇದು ಸರಿಯಲಿಲ್ಲ. ಮತ್ತೆ ಯಾರೂ ಇದರಿಂದ ಮೋಸಹೋಗದಿರಲೆಂದು ಅವನು ಅದರ ಸ್ಥಾನವನ್ನು ಅಳೆದು ಬರೆದಿಟ್ಟ. ಇಂದು ಹವ್ಯಾಸಿಗಳು ಎಂ 1 ಎಂದು ಕರೆಯುವ ವಸ್ತು ಇದೇ. ಜಾನ್ ಬೆವಿಸ್ ಎಂಬ ಇಂಗ್ಲಿಷ್ ವೈದ್ಯ 1731ರಲ್ಲೇ ಅದನ್ನು ಕಂಡಿದ್ದನೆಂಬುದು ಮೆಸ್ಸಿಯೆಗೆ ತಿಳಿದದ್ದು ಬಹಳ ತಡವಾಗಿ.

ಹೀಗೆ ಆರಂಭವಾದ ಪಟ್ಟಿಯ ಮೊದಲ ಕಂತನ್ನು, 45 ವಸ್ತುಗಳದ್ದು, ಅವನು 1771ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಗೆ ಒಪ್ಪಿಸಿದ. ಪಿಯೆರ್ ಮೆಷೇನ್ ಎಂಬ ಸಹೋದ್ಯೋಗಿಯ ನೆರವಿನಿಂದ 1781ರ ಹೊತ್ತಿಗೆ ಅದು 103ಕ್ಕೆ ಬೆಳೆಯಿತು. ಉಳಿದ ಏಳನ್ನು ಇಪ್ಪತ್ತನೆಯ ಶತಮಾನದವರು ಅವರಿಬ್ಬರ ಬರಹಗಳನ್ನು ಶೋಧಿಸಿ ಸೇರಿಸಿ, 1966ರಲ್ಲಿ ಒಟ್ಟು ಸಂಖ್ಯೆಯನ್ನು 110ಕ್ಕೆ ಮುಟ್ಟಿಸಿದರು. ಪಟ್ಟಿಯ ಉದ್ದೇಶವನ್ನು ಮರೆಯಬಾರದು. ಇವು ಧೂಮಕೇತುಗಳಲ್ಲ, ಇವುಗಳ ಬಳಿ ಹೊತ್ತು ಕಳೆಯಬೇಡಿ, ಮುಂದಕ್ಕೆ ಹೋಗಿ ಎಂದು ಹೇಳುವುದಕ್ಕಾಗಿ ಹುಟ್ಟಿದ ಪಟ್ಟಿ ಅದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಡೆಗಣಿಸಬೇಕಾದ ವಸ್ತುಗಳ ಪಟ್ಟಿ. ಆದರೂ ಅದರಲ್ಲಿ ನಲವತ್ತೈದನೆಯದಾಗಿ ಕೃತ್ತಿಕೆ ಸೇರಿದೆ! ಹೊಲ ಕಾಯುವ ಹುಡುಗನೂ ಗುರುತಿಸುವ ಕೃತ್ತಿಕೆಯನ್ನು ಧೂಮಕೇತುವೆಂದು ಭ್ರಮಿಸುವವನು ಯಾವನು? ಲಕಾಯ್ ಎಂಬಾತ ಅದಕ್ಕೂ ಮೊದಲೇ 42 ಮಸುಕುಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದ; ಅದನ್ನು ಮೀರಿಸಲೆಂದೇ ಮೆಸ್ಸಿಯೆ ಕೊನೆಯ ಗಳಿಗೆಯಲ್ಲಿ ಸುಲಭದ ನಾಲ್ಕನ್ನು ತುಂಬಿಕೊಂಡನೆಂದು ಊಹಿಸುವವರಿದ್ದಾರೆ. ಊಹೆ ನಿಜವಿದ್ದರೆ ನನಗೆ ಅವನ ಮೇಲಿನ ಅಕ್ಕರೆ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ.

ಅವನ ಮನಸ್ಸೆಲ್ಲ ಇದ್ದುದು ಧೂಮಕೇತುಗಳಲ್ಲಿ. ಹದಿಮೂರನ್ನು ಅವನು ಕಂಡುಹಿಡಿದ. ದೊರೆ ಹದಿನೈದನೆಯ ಲೂಯಿ ಅವನನ್ನು ಧೂಮಕೇತುಗಳ ಬೇಟೆನಾಯಿಯೆಂಬ ಅರ್ಥ ಬರುವಂತೆ ಕರೆದನಂತೆ. ದೊರೆ ಹೇಳಿದ್ದು ನಾಯಿಯನ್ನಲ್ಲ, ಬಿಲದಿಂದ ಮೊಲಗಳನ್ನು ಹೊರಡಿಸಲು ಅಲ್ಲಿನವರು ಸಾಕುವ ಮುಂಗುಸಿಯಂಥ ಪ್ರಾಣಿಯನ್ನು. 1781ರ ನವೆಂಬರಿನಲ್ಲಿ ಉದ್ಯಾನವೊಂದರ ಮಂಜುಗಡ್ಡೆಯ ನೆಲಮಾಳಿಗೆಗೆ ಬಿದ್ದು ಕೈ, ತೊಡೆ, ಪಕ್ಕೆಲುಬು ಮುರಿದುಕೊಂಡು ವರ್ಷವಿಡೀ ಮಲಗಿದ. ಎದ್ದೊಡನೆ ಮತ್ತೆ ಗೋಪುರ ಹತ್ತಿದ. ಫ್ರಾನ್ಸಿನ ಕ್ರಾಂತಿಯಲ್ಲಿ ಸಂಬಳ ನಿಂತಿತು, ವಿಶ್ರಾಂತಿ ವೇತನ ಹೋಯಿತು. ರಾತ್ರಿಯ ದೀಪಕ್ಕೆ ಎಣ್ಣೆಯನ್ನು ಇನ್ನೊಬ್ಬ ಖಗೋಳಜ್ಞನಿಂದ ಕಡ ತರಬೇಕಾಯಿತು. 1793ರಲ್ಲಿ ಅವನು ಕಂಡ ಧೂಮಕೇತುವಿನ ಪಥವನ್ನು ಲೆಕ್ಕ ಹಾಕಿಕೊಟ್ಟ ಬೊಶಾರ್ ದ ಸರೋನ್ ಆಗ ಸೆರೆಮನೆಯಲ್ಲಿದ್ದ. ಲೆಕ್ಕ ಸರಿಯಾಗಿತ್ತು. ಮರುವರ್ಷ ಏಪ್ರಿಲಿನಲ್ಲಿ ಸರೋನನ ತಲೆ ಗಿಲೊಟಿನ್ ಯಂತ್ರಕ್ಕೆ ಹೋಯಿತು.

ಇಷ್ಟು ಕಷ್ಟಪಟ್ಟು ಹಿಡಿದ ಧೂಮಕೇತುಗಳ ಗತಿಯೇನಾಯಿತು? 1770ರಲ್ಲಿ ಅವನು ಕಂಡ ಒಂದು ಧೂಮಕೇತು ಭೂಮಿಯ ತೀರ ಸಮೀಪಕ್ಕೆ ಬಂದು ಹೋದದ್ದೆಂದು ಪ್ರಸಿದ್ಧವಾಗಿದೆ. ಅದಕ್ಕೆ ಇರುವ ಹೆಸರು ಮೆಸ್ಸಿಯೆಯದಲ್ಲ, ಅದರ ಪಥವನ್ನು ಗಣಿಸಿದ ಲೆಕ್ಸೆಲ್ಲನದು. ಉಳಿದವುಗಳ ಹೆಸರು ತಜ್ಞರ ಕಡತಗಳಲ್ಲಿದೆ. ಬೇಡವೆಂದು ಬದಿಗಿರಿಸಿದ ಪಟ್ಟಿಯೇ ಅವನನ್ನು ಉಳಿಸಿತು.

ಪಟ್ಟಿಯಲ್ಲಿರುವುದು ಏನೇನೆಂದು ಅವನಿಗೂ ತಿಳಿದಿರಲಿಲ್ಲ. ಇಂದು ತಿಳಿದಿದೆ. 110ರಲ್ಲಿ 40 ನಮ್ಮ ಆಕಾಶಗಂಗೆಯಂಥವೇ ಆದ ಬೇರೆ ಗೆಲಕ್ಸಿಗಳು. 29 ಲಕ್ಷಾಂತರ ಮುದಿ ನಕ್ಷತ್ರಗಳು ಒಟ್ಟಾದ ಗೋಳಗುಚ್ಛಗಳು. ಉಳಿದವುಗಳಲ್ಲಿ ಹೆಚ್ಚಿನವು ಎಳೆಯ ನಕ್ಷತ್ರಗಳ ಬಿಡಿಗುಚ್ಛಗಳು, ಅನಿಲದ ನೀಹಾರಿಕೆಗಳು. ಮೊದಲನೆಯದಾದ ಎಂ 1, ಚೀನೀಯರು 1054ರಲ್ಲಿ ಹಾಡುಹಗಲೇ ಕಂಡ ಸೂಪರ್‌ನೋವಾದ ಅವಶೇಷ. 1781ರ ಮಾರ್ಚಿನಲ್ಲಿ ಅವನು ನಕ್ಷತ್ರವಿಲ್ಲದ ಮಸುಕೆಂದು ಬರೆದಿಟ್ಟ ಎಂ 87, ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ದೈತ್ಯ ಗೆಲಕ್ಸಿ. ಮನುಷ್ಯರು ಮೊತ್ತಮೊದಲು ಚಿತ್ರ ತೆಗೆದು 2019ರಲ್ಲಿ ಪ್ರಕಟಿಸಿದ ಕೃಷ್ಣವಿವರ ಅದರ ನಡುವೆ ಕುಳಿತಿದೆ.

ಈಗ ಹವ್ಯಾಸಿಗಳ ಮಾತು. ನಾಲ್ಕು ಅಂಗುಲ ಮಸೂರದ ಒಂದು ದೂರದರ್ಶಕ, ಒಂದು ನಕ್ಷತ್ರಪಟ, ಕೆಂಪು ಕಾಗದ ಸುತ್ತಿದ ಒಂದು ಬ್ಯಾಟರಿ ದೀಪ, ಒಂದು ನೋಟುಪುಸ್ತಕ. ಇಷ್ಟಿದ್ದವನು ಮೆಸ್ಸಿಯೆಗಿಂತ ಬಡವನಲ್ಲ. ಮೆಸ್ಸಿಯೆಯ ಅಚ್ಚುಮೆಚ್ಚಿನ ದೂರದರ್ಶಕದ ಮಸೂರ ಮೂರೂವರೆ ಅಂಗುಲದ್ದು. ಜಗತ್ತಿನ ನಾನಾ ಕಡೆ ಹವ್ಯಾಸಿಗಳು ಈ 110ನ್ನು ಒಂದೊಂದಾಗಿ ಹುಡುಕಿ, ಕಂಡು, ಗುರುತು ಹಾಕಿ ಮುಗಿಸುವುದನ್ನು ಒಂದು ವ್ರತದಂತೆ ಇಟ್ಟುಕೊಂಡಿದ್ದಾರೆ. ಅಮೆರಿಕದ ಹವ್ಯಾಸಿ ಸಂಘಗಳ ಒಕ್ಕೂಟವಾದ ಅಸ್ಟ್ರನಾಮಿಕಲ್ ಲೀಗ್ 70 ವಸ್ತುಗಳನ್ನು ಕಂಡವರಿಗೆ ಒಂದು ಪ್ರಮಾಣಪತ್ರವನ್ನೂ ಎಲ್ಲವನ್ನೂ ಕಂಡವರಿಗೆ ಹೆಚ್ಚಿನ ಗೌರವವನ್ನೂ ಕೊಡುತ್ತದೆ. ನಿಯಮ ಬಿಗಿಯಾದದ್ದು. ಗುಂಡಿಯೊತ್ತಿದರೆ ತಾನಾಗಿ ತಿರುಗಿ ವಸ್ತುವನ್ನು ತೋರುವ ಯಂತ್ರವನ್ನು ಬಳಸಕೂಡದು. ಸ್ವಂತ ಕೈಯಿಂದ, ಸ್ವಂತ ಕಣ್ಣಿನಿಂದ ಹುಡುಕಿರಬೇಕು.

ಹುಡುಕುವ ಬಗೆ ಹಳ್ಳಿಯಲ್ಲಿ ದಾರಿ ಹೇಳುವ ಬಗೆಯೇ. ಅರಳೀಮರದ ತನಕ ಹೋಗಿ, ಅಲ್ಲಿಂದ ಎಡಕ್ಕೆ, ಬಾವಿ ಕಂಡ ಮೇಲೆ ಮೂರನೆಯ ಮನೆ ಎನ್ನುವುದಿಲ್ಲವೆ? ಇಲ್ಲಿಯೂ ಹೊಳೆಯುವ ನಕ್ಷತ್ರದಿಂದ ಹೊರಟು, ಅದಕ್ಕಿಂತ ಮಂಕಾದುದಕ್ಕೆ, ಅಲ್ಲಿಂದ ಇನ್ನೂ ಮಂಕಾದ ಒಂದು ತ್ರಿಕೋನಕ್ಕೆ, ಅದರ ಆಚೆಗೆ ಎಂದು ಹೆಜ್ಜೆ ಹೆಜ್ಜೆಯಾಗಿ ಸಾಗಬೇಕು. ನಮ್ಮ ಪಂಚಾಂಗದ ನಕ್ಷತ್ರಗಳನ್ನು ಬಲ್ಲವರಿಗೆ ಈ ಪಯಣದ ಮೊದಲ ಹೆಜ್ಜೆಗಳು ಆಗಲೇ ಗೊತ್ತು. ಜ್ಯೇಷ್ಠೆಯ ಪಕ್ಕದಲ್ಲೇ, ಪಶ್ಚಿಮಕ್ಕೆ ಚಂದ್ರಬಿಂಬದ ಎರಡು ಮೂರರಷ್ಟು ದೂರದಲ್ಲಿ, ಎಂ 4 ಎಂಬ ಗೋಳಗುಚ್ಛವಿದೆ. ಪುಷ್ಯ ನಕ್ಷತ್ರದ ನಡುವೆ ಬರಿಗಣ್ಣಿಗೆ ಕಾಣುವ ಮಂಜಿನ ತುಣುಕೇ ಎಂ 44. ಅಭಿಜಿತ್ತಿನ ಕೆಳಗಿರುವ ಜೋಡಿ ನಕ್ಷತ್ರಗಳ ಮಧ್ಯೆ, ಹೊಗೆಯ ಉಂಗುರದಂತೆ ಎಂ 57. ಮೂಲಾ ನಕ್ಷತ್ರದ ಕೊಂಡಿಯ ಬಳಿ ಎಂ 7. ಉತ್ತರೆಯಿಂದ ಮೂಡಲಿಗೆ ಕನ್ಯಾರಾಶಿಯ ಎಪ್ಸಿಲಾನ್ ನಕ್ಷತ್ರದತ್ತ ಎಳೆದ ಗೆರೆಯ ನಡುವಿಗೆ ದೂರದರ್ಶಕವನ್ನು ತಿರುಗಿಸಿದರಂತೂ ದಾರಿ ತಪ್ಪುವುದು ಖಂಡಿತ; ಅಲ್ಲಿ ಗೆಲಕ್ಸಿಗಳು ಜಾತ್ರೆ ಸೇರಿವೆ, ಒಂದರಿಂದ ಇನ್ನೊಂದನ್ನು ಬಿಡಿಸಿ ಹೆಸರಿಡುವುದರೊಳಗೆ ಹೊಸಬರ ಸಹನೆ ಮುಗಿದಿರುತ್ತದೆ.

ಸ್ಥಳಕ್ಕೆ ತಲುಪಿದ ಮಾತ್ರಕ್ಕೆ ಕಾಣುತ್ತದೆಂದು ತಿಳಿಯಬಾರದು. ಪುಸ್ತಕಗಳ ಬಣ್ಣದ ಚಿತ್ರಗಳನ್ನು ನೋಡಿ ಬಂದವರಿಗೆ ಮೊದಲ ಸಲ ಆಗುವುದು ನಿರಾಶೆಯೇ. ಕೆಂಪಿಲ್ಲ, ನೀಲಿಯಿಲ್ಲ, ಸುರುಳಿಯ ತೋಳುಗಳಿಲ್ಲ. ಇದ್ದರೆ ಬೂದಿಬಣ್ಣದ ಒಂದು ಸುಳಿವು, ಅದೂ ಇದೆಯೋ ಇಲ್ಲವೋ ಎಂಬ ಸಂದೇಹ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ನಡುವೆ ಒಮ್ಮೆ ಬಿಳಿಯ ದೀಪ ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿಂದ. ಅಷ್ಟೇ ಅಲ್ಲ. ನೇರವಾಗಿ ನೋಡಿದರೆ ಮಂಕು ವಸ್ತು ಕಾಣುವುದಿಲ್ಲ. ಕಣ್ಣಿನ ಪರದೆಯ ನಟ್ಟನಡುವೆ ಇರುವುದು ಬಣ್ಣವನ್ನೂ ವಿವರವನ್ನೂ ಗ್ರಹಿಸುವ, ಹೆಚ್ಚು ಬೆಳಕನ್ನು ಬೇಡುವ ಕೋಶಗಳು. ಮಂದ ಬೆಳಕನ್ನು ಹಿಡಿಯಬಲ್ಲ ಕೋಶಗಳಿರುವುದು ಅದರ ಸುತ್ತ. ಆದ್ದರಿಂದ ವಸ್ತುವಿನ ಪಕ್ಕಕ್ಕೆ ದೃಷ್ಟಿ ನೆಟ್ಟು, ಮನಸ್ಸನ್ನು ಮಾತ್ರ ವಸ್ತುವಿನ ಮೇಲಿಡಬೇಕು. ಆಗ ಅದು ಕತ್ತಲಿನಿಂದ ಮೆಲ್ಲಗೆ ಮೇಲೆದ್ದು ಬರುತ್ತದೆ. ಆಸೆಪಟ್ಟು ನೇರವಾಗಿ ನೋಡಿದೆವೋ, ಮಾಯ. ದೂರದರ್ಶಕದ ಕೊಳವೆಯನ್ನು ಬೆರಳಿನಿಂದ ಮೆತ್ತಗೆ ತಟ್ಟಿದರೆ ಅಲುಗಾಟದಲ್ಲಿ ಕಂಡೀತು, ಏಕೆಂದರೆ ಈ ಅಂಚಿನ ಕೋಶಗಳು ಚಲನೆಯನ್ನು ಬೇಗ ಹಿಡಿಯುತ್ತವೆ.

ನಮ್ಮ ಹಳೆಯ ಕಾವ್ಯಗಳಲ್ಲಿ ಕಡೆಗಣ್ಣ ನೋಟ ನಾಯಿಕೆಯರ ಸೊತ್ತು. ಖಗೋಳದ ಹವ್ಯಾಸಿಗೂ ಅದೇ ಆಯುಧವೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಕಡೆಗಣಿಸುವುದಕ್ಕೂ ಕಡೆಗಣ್ಣಿಗೂ ಇರುವ ನಂಟನ್ನು ವೈಯಾಕರಣರು ಇತ್ಯರ್ಥ ಮಾಡಿಕೊಳ್ಳಲಿ. ಕಡೆಗಣಿಸಲೆಂದು ಬರೆದ ಪಟ್ಟಿಯನ್ನು ಜನ ಕಡೆಗಣ್ಣಿನಿಂದಲೇ ನೋಡಿ ಮುಗಿಸುತ್ತಿದ್ದಾರೆಂಬುದಂತೂ ನಿಜ.

ನೋಡಿದ್ದನ್ನು ಬರೆಯುವುದು ಈ ವ್ರತದ ಇನ್ನೊಂದು ಅಂಗ. ಒಂದು ವೃತ್ತ ಎಳೆದು, ಅದರೊಳಗೆ ಸೀಸದ ಕಡ್ಡಿಯಿಂದ ನಕ್ಷತ್ರಗಳನ್ನು ಚುಕ್ಕಿಯಿಟ್ಟು, ಮಸುಕನ್ನು ಬೆರಳಿನಿಂದ ಉಜ್ಜಿ ತೋರಿಸುತ್ತಾರೆ. ಬರೆಯತೊಡಗಿದಾಗಲೇ ಕಣ್ಣು ಕೇಳಲು ಕಲಿಯುತ್ತದೆ: ಇದು ದುಂಡಗಿದೆಯೆ, ಉದ್ದವಾಗಿದೆಯೆ? ನಡುವೆ ಹೊಳಪು ಹೆಚ್ಚೆ? ಅಂಚು ಎಲ್ಲಿ ಮುಗಿಯುತ್ತದೆ? ಕನ್ನಡದ ಖಗೋಳ ಲೇಖಕರು ಭೀಮನೆಂದು ಕರೆದ ಹರ್ಕ್ಯುಲಿಸ್ ಪುಂಜದ ಎಂ 13ನ್ನು ಮೆಸ್ಸಿಯೆ 1764ರಲ್ಲಿ ಪರೀಕ್ಷಿಸಿ, ಅದರಲ್ಲಿ ಒಂದೂ ನಕ್ಷತ್ರವಿಲ್ಲವೆಂದು ಖಚಿತವಾಗಿ ಬರೆದ. ಇಂದು ಆರು ಅಂಗುಲದ ದೂರದರ್ಶಕದಲ್ಲಿ ಎಡೆಬಿಡದೆ ನೋಡಿದರೆ ಅದೇ ಮಸುಕಿನ ಅಂಚು ಸಕ್ಕರೆಯ ಹರಳಿನಂತೆ ಒಡೆದು ನಕ್ಷತ್ರಗಳಾಗುತ್ತದೆ. ಆ ಗಳಿಗೆಯನ್ನು ಯಾವ ಛಾಯಾಚಿತ್ರವೂ ಕೊಡಲಾರದು. ಛಾಯಾಚಿತ್ರದಲ್ಲಿ ಅದು ಮೊದಲೇ ಒಡೆದಿರುತ್ತದೆ.

ನಮ್ಮ ನಾಡಿನಿಂದ ನೋಡುವವರಿಗೆ ಒಂದು ಭಾಗ್ಯವಿದೆ. ಮೆಸ್ಸಿಯೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ದಕ್ಷಿಣದಲ್ಲಿರುವ ಎಂ 7 ಪ್ಯಾರಿಸ್ಸಿನಲ್ಲಿ ದಿಗಂತದಿಂದ ಆರು ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಮನೆಗಳ ಹೊಗೆಯ ನಡುವೆ ಅವನು ಅದನ್ನು ಹೇಗೆ ಕಂಡನೋ. ಬೆಂಗಳೂರಿನಲ್ಲಿ ಅದು ನಲವತ್ತೆರಡು ಡಿಗ್ರಿಯಷ್ಟು ಏರಿ ನಿಲ್ಲುತ್ತದೆ. ಉತ್ತರದ ತುದಿಯ ಎಂ 82 ಕೂಡ ನಮಗೆ ಮೂವತ್ತು ಡಿಗ್ರಿಯನ್ನು ದಾಟುತ್ತದೆ. 110ರಲ್ಲಿ ಒಂದೂ ನಮಗೆ ನಿಷಿದ್ಧವಲ್ಲ. ಆಕಾಶದ ಗೋಳಗುಚ್ಛಗಳಿಗೆಲ್ಲ ಅರಸನಾದ ಒಮೆಗಾ ಸೆಂಟಾರಿ ಪ್ಯಾರಿಸ್ಸಿನಲ್ಲಿ ಹುಟ್ಟುವುದೇ ಇಲ್ಲವಾದ್ದರಿಂದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ನಮಗೋ ಮೇ ತಿಂಗಳ ಸಂಜೆ ತೆಂಕಣ ದಿಕ್ಕಿನಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಭಾಗ್ಯದ ಜೊತೆಗೆ ಒಂದು ಕೊರತೆಯೂ ಉಂಟು. ಪಟ್ಟಿಯ 15 ವಸ್ತುಗಳನ್ನು ಒಡಲಲ್ಲಿಟ್ಟುಕೊಂಡ ಧನುರಾಶಿ ಸಂಜೆಯ ಆಕಾಶಕ್ಕೆ ಬರುವುದು ನಮ್ಮ ಮಳೆಗಾಲದಲ್ಲಿ. ಆದ್ದರಿಂದ ಇಲ್ಲಿನವರು ಅದನ್ನು ಕಾಣಲು ಚೈತ್ರ ವೈಶಾಖಗಳ ನಸುಕಿನಲ್ಲಿ ಎದ್ದು ಕೂರಬೇಕು.

ಚೈತ್ರವೆಂದಾಗ ನೆನಪಾಗುವುದು ಮೆಸ್ಸಿಯೆ ಮ್ಯಾರಥಾನ್ ಎಂಬ ವಿಚಿತ್ರ ಓಟ. ಮಾರ್ಚ್ ಕೊನೆಯ ಹೊತ್ತಿಗೆ ಸೂರ್ಯನಿರುವ ಮೀನರಾಶಿಯ ಆಸುಪಾಸಿನಲ್ಲಿ ಪಟ್ಟಿಯ ವಸ್ತುಗಳು ತೀರ ವಿರಳ. ಹೀಗಾಗಿ ಆಗಿನ ಅಮಾವಾಸ್ಯೆಯಂದು, ಸಂಜೆಗತ್ತಲಿನಿಂದ ಮುಂಬೆಳಗಿನವರೆಗೆ, ಎಲ್ಲ 110ನ್ನೂ ಒಂದೇ ರಾತ್ರಿಯಲ್ಲಿ ನೋಡಿ ಮುಗಿಸುವುದು ಸಾಧ್ಯ. ಹೆಚ್ಚಿನ ವರ್ಷಗಳಲ್ಲಿ ಅದು ನಮ್ಮ ಯುಗಾದಿಯ ಅಮಾವಾಸ್ಯೆಯೇ. 1970ರ ದಶಕದಲ್ಲಿ ಅಮೆರಿಕದಲ್ಲಿ ಕೆಲವರಿಗೆ, ಸ್ಪೇನಿನಲ್ಲಿ ಕೆಲವರಿಗೆ ಈ ಯೋಚನೆ ಬೇರೆಬೇರೆಯಾಗಿ ಹೊಳೆಯಿತು. 1985ರ ಮಾರ್ಚಿನಲ್ಲಿ ಅರಿಜೋನಾದ ಬಯಲಿನಿಂದ ಗೆರಿ ರ‍್ಯಾಟ್ಲಿ ಎಂಬಾತ ಅಷ್ಟನ್ನೂ ಕಂಡು ಮುಗಿಸಿದ. ಸಂಜೆ ಮುಳುಗುವ ಎಂ 74ರ ಬೆನ್ನಟ್ಟುವುದರಿಂದ ತೊಡಗಿ, ಅರುಣೋದಯದ ಬೆಳಕಿನಲ್ಲಿ ಮಕರರಾಶಿಯ ಎಂ 30ನ್ನು ಹೆಕ್ಕುವುದರೊಳಗೆ ಒಂದೊಂದು ವಸ್ತುವಿಗೆ ಆರೇಳು ನಿಮಿಷ ದಕ್ಕಿದರೆ ಹೆಚ್ಚು. ನನ್ನ ಅಭಿರುಚಿಗೆ ಇದು ಒಗ್ಗುವುದಿಲ್ಲ. ಒಂದೇ ದಿನದಲ್ಲಿ ನೂರು ದೇವಸ್ಥಾನಗಳ ಹೊಸ್ತಿಲು ಮುಟ್ಟಿ ಬರುವ ಯಾತ್ರೆಯಂತೆ ಅದು. ಆದರೆ ಈ ಓಟವನ್ನು ಬೆಳೆಸಿದವರಲ್ಲಿ ಒಬ್ಬನಾದ ಡಾನ್ ಮ್ಯಾಕ್‌ಹೋಲ್ಜ್ ಸ್ವತಃ ಧೂಮಕೇತುಗಳ ಬೇಟೆಗಾರ. ಯಂತ್ರಗಳು ಆಕಾಶವನ್ನೆಲ್ಲ ಜಾಲಾಡುತ್ತಿದ್ದ ಕಾಲದಲ್ಲೂ ಕಣ್ಣಿನಿಂದಲೇ ಹುಡುಕಿ ಹನ್ನೆರಡು ಧೂಮಕೇತುಗಳನ್ನು ಕಂಡುಹಿಡಿದ. ಕೊನೆಯದು 2018ರಲ್ಲಿ ದೊರೆಯಿತು. 2022ರಲ್ಲಿ ಆತ ತೀರಿಕೊಂಡ. ಮೆಸ್ಸಿಯೆಯ ಪಟ್ಟಿಯನ್ನು ಮೆಸ್ಸಿಯೆ ಬಯಸಿದಂತೆಯೇ, ಮೋಸಹೋಗದಿರಲು, ಬಾಯಿಪಾಠ ಮಾಡಿಕೊಂಡಿದ್ದ ಕೊನೆಯ ಕೆಲವರಲ್ಲಿ ಅವನೊಬ್ಬ.

ಪಟ್ಟಿಯಲ್ಲಿ ತಪ್ಪುಗಳೂ ಇವೆ, ಹವ್ಯಾಸಿಗಳಿಗೆ ಅವೂ ಪ್ರಿಯ. ಎಂ 40 ಯಾವ ಮಸುಕೂ ಅಲ್ಲ, ಎರಡು ನಕ್ಷತ್ರಗಳಷ್ಟೇ. ಹಿಂದಿನವನೊಬ್ಬ ಅಲ್ಲಿ ನೀಹಾರಿಕೆಯಿದೆ ಎಂದದ್ದರಿಂದ ಹುಡುಕಿ, ಇಲ್ಲವೆಂದು ಕಂಡೂ ಮೆಸ್ಸಿಯೆ ಸಂಖ್ಯೆ ಕೊಟ್ಟ. ಎಂ 102 ಎಂ 101ರದೇ ಪುನರುಕ್ತಿಯೆಂದು ಮೆಷೇನನೇ 1783ರಲ್ಲಿ ಬರೆದ. ಅಲ್ಲ, ಅದು ಬೇರೊಂದು ಗೆಲಕ್ಸಿಯೇ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಎಲ್ಲಕ್ಕಿಂತ ಸೊಗಸಾದದ್ದು ಎಂ 91ರ ಕಥೆ. ಮೆಸ್ಸಿಯೆ ಕೊಟ್ಟ ಸ್ಥಾನದಲ್ಲಿ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಅವನು ಕಂಡದ್ದು ಧೂಮಕೇತುವೇ ಇರಬೇಕು, ಗುರುತಿಸದೆ ಹೋದ ಎಂದು ಕೆಲವರು ಹೇಳಿದರು. ಅವನ ಮಟ್ಟಿಗೆ ಇದಕ್ಕಿಂತ ಕ್ರೂರವಾದ ಮಾತಿಲ್ಲ. 1969ರಲ್ಲಿ ಟೆಕ್ಸಾಸಿನ ವಿಲಿಯಂ ವಿಲಿಯಮ್ಸ್ ಎಂಬ ಹವ್ಯಾಸಿ ಅವನ ಅಳತೆಗಳನ್ನು ಮತ್ತೆ ಲೆಕ್ಕ ಹಾಕಿದ. ಅಳತೆಗೆ ಆಧಾರವಾಗಿ ಹಿಡಿದ ವಸ್ತುವೊಂದನ್ನು ಇನ್ನೊಂದೆಂದು ಭಾವಿಸಿದ್ದರಿಂದ ಸ್ಥಾನ ಪಲ್ಲಟವಾಗಿತ್ತು. ಆಧಾರವನ್ನು ಸರಿಪಡಿಸಿದೊಡನೆ ಅಂತರಗಳು ಒಂದು ಗೆಲಕ್ಸಿಯ ಮೇಲೆ ಬಂದು ನಿಂತವು. ಸುಮಾರು ಇನ್ನೂರು ವರ್ಷ ತಪ್ಪಿಸಿಕೊಂಡಿದ್ದ ಎಂ 91 ಹೀಗೆ ಮನೆ ಸೇರಿತು.

ದೊಡ್ಡ ದೂರದರ್ಶಕ ಬಡವರ ಕೈಗೆಟುಕಿದ್ದು ಹೇಗೆಂಬುದನ್ನು ಹೇಳದಿದ್ದರೆ ಈ ಮಾತು ಅಪೂರ್ಣ. ಅದರ ಹಿಂದೆ ಒಬ್ಬ ಸಂನ್ಯಾಸಿಯಿದ್ದಾನೆ. ಬೀಜಿಂಗಿನಲ್ಲಿ 1915ರಲ್ಲಿ ಹುಟ್ಟಿದ ಜಾನ್ ಡಾಬ್ಸನ್ ಎಂಬ ಅಮೆರಿಕನ್ನನು 1944ರಲ್ಲಿ ಸಾನ್‌ಫ್ರಾನ್ಸಿಸ್ಕೋದ ವೇದಾಂತ ಸಂಘದ ಆಶ್ರಮವನ್ನು ಸೇರಿದ. ಜಗತ್ತಿನ ಸ್ವರೂಪವನ್ನು ತಿಳಿಯಬೇಕಾದರೆ ಅದನ್ನು ಕಣ್ಣಾರೆ ನೋಡಬೇಕು ಎಂಬ ಹಟ ಅವನದು. ಹಡಗಿನ ಕಿಟಕಿಯ ದಪ್ಪ ಗಾಜನ್ನು ಸಂಪಾದಿಸಿ, ತಾನೇ ಅರೆದು ದರ್ಪಣ ಮಾಡಿ, ರಟ್ಟಿನ ಕೊಳವೆ, ಪ್ಲೈವುಡ್ಡಿನ ಪೀಠಗಳಿಂದ ದೂರದರ್ಶಕ ಕಟ್ಟಿದ. ಬೀಸುವ ಕಲ್ಲಿನಂತೆ ಸುತ್ತುವ ಪೀಠ, ತೊಟ್ಟಿಲಿನಂತೆ ಮೇಲೆ ಕೆಳಗೆ ತೂಗುವ ಕೊಳವೆ, ಅಷ್ಟೆ. ರಾತ್ರಿಯ ಹೊತ್ತು ಅದನ್ನು ಆಶ್ರಮದ ಹೊರಕ್ಕೆ ಉರುಳಿಸಿಕೊಂಡು ಹೋಗಿ ಬೀದಿಯವರಿಗೆಲ್ಲ ಆಕಾಶ ತೋರಿಸುತ್ತಿದ್ದ. ಆಶ್ರಮಜೀವನಕ್ಕೂ ಈ ರಾತ್ರಿಸಂಚಾರಕ್ಕೂ ಹೊಂದಲಿಲ್ಲ. 1967ರಲ್ಲಿ ಅವನು ಹೊರಬೀಳಬೇಕಾಯಿತು. ಆ ಮೇಲೆ ಬೀದಿಯೇ ಅವನ ಆಶ್ರಮವಾಯಿತು. 2014ರಲ್ಲಿ ತೀರಿಕೊಳ್ಳುವವರೆಗೂ ದಾರಿಹೋಕರನ್ನು ಕರೆದು ತೋರಿಸಿದ. ಅವನ ಹೆಸರಿನ ಪೀಠದ ಮೇಲೆ ಕೂತ ಎಂಟು, ಹತ್ತು ಅಂಗುಲದ ದರ್ಪಣಗಳು ಇಂದು ಲೋಕದ ಎಲ್ಲ ಕಡೆ ಮೆಸ್ಸಿಯೆ ವಸ್ತುಗಳನ್ನು ಹುಡುಕುತ್ತಿವೆ.

ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಯಂತ್ರ ಬಂದಿದೆ. ಅದಕ್ಕೆ ಕಣ್ಣಿಡುವ ಕಿಂಡಿಯೇ ಇಲ್ಲ. ಅದು ತಾನೇ ವಸ್ತುವನ್ನು ಹುಡುಕಿ, ತಾನೇ ಬೆಳಕನ್ನು ಕೂಡಿಹಾಕಿ, ಬಣ್ಣದ ಚಿತ್ರವನ್ನು ಮೊಬೈಲಿಗೆ ಕಳುಹಿಸುತ್ತದೆ. ನಾನು ಇದನ್ನು ಹಳಿಯುವವನಲ್ಲ. ನಗರದ ಮಾಳಿಗೆಯಲ್ಲಿ ನಿಂತವರಿಗೆ, ಕಣ್ಣು ಮಂಜಾದ ಹಿರಿಯರಿಗೆ ಅದು ತೋರಿಸುವಷ್ಟನ್ನು ಬೇರಾವುದೂ ತೋರಿಸಲಾರದು. ಆದರೆ ಅದು ಒಂದು ಸಂಜೆಯಲ್ಲಿ ಕಳುಹಿಸಿದ ನಲವತ್ತು ಚಿತ್ರಗಳಿಗೆ ಗುರುತು ಹಾಕಿಕೊಂಡವನು ಯಾವುದನ್ನು ಕಂಡಹಾಗಾಯಿತು? ಇಪ್ಪತ್ತೈದು ಲಕ್ಷ ವರ್ಷ ಹಾದುಬಂದ ಬೆಳಕು ಅವನ ಕಣ್ಣಿನೊಳಕ್ಕೆ ಬರಲಿಲ್ಲ, ಯಂತ್ರದೊಳಕ್ಕೆ ಹೋಯಿತು. ಲೀಗಿನ ಹಳೆಯ ನಿಯಮದಲ್ಲಿ ನ್ಯಾಯವಿದೆ ಎಂದೇ ನನ್ನ ಎಣಿಕೆ.

ಯಂತ್ರದ ಹಾವಳಿಗಿಂತ ಘೋರವಾದದ್ದು ದೀಪದ ಹಾವಳಿ. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನ ನಟ್ಟನಡುವೆ ನಿಂತು ಮೆಸ್ಸಿಯೆ ಎಂ 33ನ್ನು ಕಂಡ. ಇಂದು ಅದೇ ಗೋಪುರದ ಮೇಲೆ ಅವನ ದೂರದರ್ಶಕಕ್ಕಿಂತ ಎಷ್ಟು ದೊಡ್ಡದನ್ನು ನಿಲ್ಲಿಸಿದರೂ ಅದನ್ನು ಕಾಣುವುದು ದುಸ್ತರ. ಏಕೆಂದರೆ ಎಂ 33ರ ಒಟ್ಟು ಬೆಳಕು ಕಡಮೆಯಿಲ್ಲದಿದ್ದರೂ ಅದು ಚಂದ್ರಬಿಂಬದ ಎರಡರಷ್ಟು ಉದ್ದಕ್ಕೆ ಹರಡಿಹೋಗಿದೆ, ಒಂದು ಚಮಚ ಬೆಣ್ಣೆಯನ್ನು ಊರಗಲದ ರೊಟ್ಟಿಗೆ ಸವರಿದ ಹಾಗೆ. ಹಿನ್ನೆಲೆಯ ಆಕಾಶ ತುಸು ಬೆಳಗಿದರೂ ಅದು ಅಳಿಸಿಹೋಗುತ್ತದೆ; ದೂರದರ್ಶಕ ದೊಡ್ಡದಾದರೆ ಆಕಾಶದ ಬೆಳಕೂ ಜೊತೆಗೆ ಹೆಚ್ಚುತ್ತದೆ. ಎಂ 74, ಎಂ 101 ಇವುಗಳ ಹಣೆಬರಹವೂ ಇದೇ. ಅಗ್ಗವಾದ ಬಿಳಿಯ ದೀಪಗಳು ಬಂದ ಮೇಲೆ ನಮ್ಮ ತಾಲ್ಲೂಕು ಕೇಂದ್ರಗಳ ಮೇಲೂ ಒಂದು ಬೆಳಕಿನ ಕೊಡೆ ಬಿಚ್ಚಿಕೊಂಡಿದೆ. ಬೀದಿಗೆ ದೀಪ ಬೇಡವೆಂದು ಯಾರೂ ಹೇಳುತ್ತಿಲ್ಲ. ಬೀದಿಗೆ ಬೇಕಾದ ಬೆಳಕು ಆಕಾಶಕ್ಕೇಕೆ ಹೋಗಬೇಕು? ದೀಪಕ್ಕೊಂದು ಮುಚ್ಚಳವಿಟ್ಟರೆ ಮುಗಿಯುವ ಕೆಲಸವಿದು. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಸುತ್ತಣ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದಾಗ ಇದನ್ನೇ ಮಾಡಿದರು: ದೀಪಗಳಿಗೆ ಮರೆ, ಕಿಟಕಿಗಳಿಗೆ ಪರದೆ. ಸುತ್ತಲಿನ ಹಳ್ಳಿಗಳವರಿಗೆ ದೂರದರ್ಶಕ ಕೊಟ್ಟು, ಬಂದ ಪ್ರವಾಸಿಗಳಿಗೆ ಆಕಾಶ ತೋರಿಸುವ ತರಬೇತಿ ಕೊಟ್ಟರು. ಕತ್ತಲೆಯೂ ಒಂದು ಜೀವನೋಪಾಯವಾಗಬಲ್ಲುದು ಎಂಬುದನ್ನು ಆ ಹಳ್ಳಿಗಳವರು ತೋರಿಸಿಕೊಟ್ಟಿದ್ದಾರೆ.

ಲಡಾಖಿಗೆ ಎಲ್ಲರೂ ಹೋಗಲಾಗದು. ಊರಿನ ಬೆಳಕಿನಲ್ಲಿ ಅಳಿಯದೆ ಉಳಿಯುವ ಕೃತ್ತಿಕೆಯಿಂದ, ಮಹಾವ್ಯಾಧನ ಕತ್ತಿಯಲ್ಲಿರುವ ಎಂ 42ರಿಂದ, ಪುಷ್ಯದ ಎಂ 44ರಿಂದ ಒಂದು ಸಾಧಾರಣ ದುರ್ಬೀನು ಹಿಡಿದು ಆರಂಭಿಸಬಹುದು. ಮಂಕಾದವುಗಳಿಗೆ ಕತ್ತಲೆ ಬೇಕು. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಊಟ ಮಾಡಿ ಬರುವ ರೂಢಿಯಿದೆ. ಮೋಡವಿಲ್ಲದ ಕಾಲ, ಚಂದ್ರನಿಲ್ಲದ ರಾತ್ರಿ. ಆ ದಿನ ಹೊತ್ತು ಮುಳುಗಿದೊಡನೆ ಮರಳದೆ, ಏಳು ಎಂಟು ಗಂಟೆಯ ತನಕ ಹೊಲದಲ್ಲೇ ಉಳಿದವರು ನೆತ್ತಿಯಿಂದ ತುಸು ಬಡಗಣಕ್ಕೆ ನೋಡಬೇಕು. ನಮ್ಮವರು ದ್ರೌಪದಿಯೆಂದು ಹೆಸರಿಟ್ಟಿರುವ ಆಂಡ್ರೊಮೀಡಾ ಪುಂಜ ಅಲ್ಲಿರುತ್ತದೆ. ಅದರ ನಡುವೆ ಮಿರಾಕ್ ಎಂಬ ಕೆಂಪು ಛಾಯೆಯ ನಕ್ಷತ್ರ. ಮಿರಾಕ್‌ನಿಂದ ವಾಯವ್ಯದ ಕಡೆಗೆ ಎರಡು ಸಣ್ಣ ನಕ್ಷತ್ರಗಳನ್ನು ದಾಟಿದರೆ ಎಂ 31, ಬರಿಗಣ್ಣಿಗೇ ಕಾಣುವ ಮಂಜಿನ ಬಳಪದ ಗೆರೆ. ಅದು ಸಿಕ್ಕಿದ ಮೇಲೆ ಮಿರಾಕ್‌ಗೆ ಮರಳಿ, ಎದುರು ಮಗ್ಗುಲಿಗೆ ಸುಮಾರು ಅಷ್ಟೇ ದೂರ ದುರ್ಬೀನನ್ನು ಸರಿಸಿ, ಕಡೆಗಣ್ಣಿನಿಂದ ನೋಡಬೇಕು. ಅಂಚಿಲ್ಲದ, ನಡುವಿಲ್ಲದ, ಉಸಿರಿಗಿಂತ ತೆಳುವಾದ ಒಂದು ಬೆಳಕು ಅಲ್ಲಿದ್ದರೆ ಅದೇ ಎಂ 33.